ರೈಲು ಬಂದ ಹೊತ್ತಿನ ನಕ್ಷತ್ರ

‘ಸಂಜೆ ರೈಲು ಬಂದು ಕಾಲು ಗಂಟೆಗೆ ಹೆಣ್ಣು ಕೂಸು’ ಎಂಬ ಸಾಲಿನಲ್ಲಿ ‘ರೈಲು’ ಎಂಬ ಪದದ ಮೇಲೆ ಹೆಬ್ಬೆರಳಿನ ಹಳದಿ ಗುರುತಿದೆ. ಬೆರಳಿನ ಗೆರೆಗಳನ್ನು ಎಣಿಸಬಹುದು. ಅರಿಶಿನ ಬಿಸಿಲಿಗೆ ಮಾಸುತ್ತದೆ, ಕತ್ತಲಿನಲ್ಲಿಟ್ಟರೆ ಉಳಿಯುತ್ತದೆ. ಈ ಪಂಚಾಂಗ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಟ್ರಂಕಿನ ತಳದಲ್ಲಿತ್ತು.

ಗುರುತು ನನ್ನ ಅವ್ವನ ತಂದೆಯದು. ಅಜ್ಜ ಚಾಮರಾಜನಗರದಲ್ಲಿ ಅರಿಶಿನದ ವ್ಯಾಪಾರ ಮಾಡುತ್ತಿದ್ದರು. ಅವರು ಮುಟ್ಟಿದ್ದಕ್ಕೆಲ್ಲ ಹಳದಿ ಹತ್ತುತ್ತಿತ್ತು: ಪಂಚೆಯ ಅಂಚು, ನೀರಿನ ಚೊಂಬು, ರಜಕ್ಕೆ ಹೋದ ಮೊಮ್ಮಕ್ಕಳ ಕೆನ್ನೆ. ಅವರ ಹಿತ್ತಲಿನಲ್ಲಿ ಕಬ್ಬಿಣದ ದೊಡ್ಡ ಕೊಪ್ಪರಿಗೆಗಳಲ್ಲಿ ಹಸಿ ಕೊಂಬು ಬೇಯುತ್ತಿದ್ದಾಗ ನಾವು ಮಕ್ಕಳು ಹೊಗೆಗೆ ಕಣ್ಣುಜ್ಜಿಕೊಂಡು ಸುತ್ತ ನಿಲ್ಲುತ್ತಿದ್ದೆವು. ಅಜ್ಜ ಒಂದು ಕಡ್ಡಿ ತೆಗೆದು ಕೊಂಬಿಗೆ ಚುಚ್ಚುವರು. ಸಲೀಸಾಗಿ ಇಳಿದರೆ ಬೆಂದಿದೆ. ‘ಹೆಚ್ಚು ಬೆಂದ್ರೆ ಬಣ್ಣ ಕೆಡ್ತದೆ, ಕಮ್ಮಿ ಬೆಂದ್ರೆ ಹುಳ ಬೀಳ್ತದೆ’ ಎನ್ನುವರು. ಬೇಯಿಸುವುದರಲ್ಲಿ ಅಷ್ಟು ನಿಖರವಾಗಿದ್ದ ಮನುಷ್ಯ ಹೊತ್ತಿನ ವಿಷಯದಲ್ಲಿ ಊರಿನ ಉಳಿದ ವರ್ತಕರಂತೆಯೇ ಇದ್ದರು. ಸ್ಟೇಷನ್ನಿನ ಬೀದಿಯ ಜನಕ್ಕೆ ಆಗ ಗಡಿಯಾರವಿರಲಿಲ್ಲ, ರೈಲಿತ್ತು. ಬೆಳಗಿನ ರೈಲಿಗೆ ಹಾಲು ಕರೆಯುವರು, ಸಂಜೆ ರೈಲಿಗೆ ಒಲೆ ಹಚ್ಚುವರು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ಅವ್ವ ನನ್ನನ್ನು ಹೆತ್ತದ್ದೂ ಸಂಜೆ ರೈಲಿಗೆ.

ಜಾತಕ ಬರೆಯಲು ಅಪ್ಪ ಗುಂಡ್ಲುಪೇಟೆಯಿಂದ ಕರೆಸಿದ ಐನೋರು ಅಜ್ಜನ ಸಾಲನ್ನು ಓದಿದರು. ಸಂಜೆ ರೈಲು ಬರುವುದು ಆರು ಗಂಟೆ ಐದು ನಿಮಿಷಕ್ಕೆ ಎಂದು ಸ್ಟೇಷನ್ನಿನ ಹಲಗೆಯ ಮೇಲೆ ಬರೆದಿತ್ತು. ಅದಕ್ಕೆ ಕಾಲು ಗಂಟೆ ಕೂಡಿಸಿ, ಆರು ಇಪ್ಪತ್ತು ಎಂದು ಹಿಡಿದು, ಪಂಚಾಂಗ ನೋಡಿದರಂತೆ. ಮೂಲಾ ನಕ್ಷತ್ರ.

ಮುಂದಿನದನ್ನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಮೂಲಾ ನಕ್ಷತ್ರದ ಹೆಣ್ಣನ್ನು ತಂದುಕೊಂಡರೆ ಗಂಡನ ತಂದೆ ಉಳಿಯುವುದಿಲ್ಲ ಎಂದು ನಮ್ಮ ಕಡೆಯವರ ನಂಬಿಕೆ. ‘ಗಂಡುಮೂಲ ಅರಸು, ಹೆಣ್ಣುಮೂಲ ನಿರ್ಮೂಲ’ ಎಂದು ನನ್ನ ಸೋದರತ್ತೆ ಮಾತುಮಾತಿಗೆ ಅನ್ನುವಳು. ಬಯ್ಯುವುದಕ್ಕಲ್ಲ, ತಲೆ ಬಾಚುವಾಗ ಸಿಕ್ಕು ಬಿಡಿಸುತ್ತ, ಹಾಡಿನ ಹಾಗೆ. ನನಗೆ ಐದಾರು ವರ್ಷವಾಗಿದ್ದಾಗ ಮದುವೆಯೊಂದರಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರ ಪಕ್ಕ ಊಟಕ್ಕೆ ಕೂತಿದ್ದೆ. ಯಾರೋ ಅವರ ಕಿವಿಯಲ್ಲಿ ಏನೋ ಹೇಳಿದರು. ಅವರು ಎಲೆ ಎತ್ತಿಕೊಂಡು ನಾಲ್ಕು ಜನದಾಚೆ ಹೋಗಿ ಕೂತರು. ಅವರಿಗೆ ಮದುವೆಯ ವಯಸ್ಸಿನ ಮಗನಿದ್ದ ಎಂದು ಆಮೇಲೆ ತಿಳಿಯಿತು. ಎಲೆಯ ಮೇಲಿನ ಪಾಯಸ ಹರಿದು ಚೆಲ್ಲದ ಹಾಗೆ ಅವರು ಎಷ್ಟು ಜೋಪಾನವಾಗಿ ನಡೆದರು ಎಂಬುದು ಮಾತ್ರ ನನಗೆ ಚೆನ್ನಾಗಿ ನೆನಪಿದೆ.

ಅಪ್ಪನಿಗೆ ಗುಂಡ್ಲುಪೇಟೆಯ ಪೇಟೆಬೀದಿಯಲ್ಲಿ ಬಟ್ಟೆಯ ಅಂಗಡಿ. ಮೆದು ಮಾತಿನವರು. ನನಗೆ ಹದಿನೈದು ತುಂಬಿದ ಮೇಲೆ ಅವರಿಗೆ ಒಂದು ಹೊಸ ಅಭ್ಯಾಸ ಬಂತು: ತಾಲ್ಲೂಕಿನಲ್ಲಿ ಯಾರು ತೀರಿಕೊಂಡರೂ ಮಾತನಾಡಿಸಲು ಹೋಗುವುದು. ಪರಿಚಯ ಇರಲಿ ಇಲ್ಲದಿರಲಿ, ಕೋಟು ಹಾಕಿಕೊಂಡು ಬಸ್ಸು ಹತ್ತುವರು. ಹಿಂದಿರುಗಿ ಹಿತ್ತಲಲ್ಲಿ ಸ್ನಾನ ಮಾಡಿ, ಒದ್ದೆ ಮೈಯಲ್ಲೇ ಅವ್ವನಿಗೆ ಹೇಳುವರು.

‘ಪಾಪ, ಒಳ್ಳೆ ಮನುಷ್ಯ. ಅರವತ್ತಾಗಿತ್ತಂತೆ.’

‘ಮಗ?’ ಎಂದು ಅವ್ವ ಕೇಳುವಳು.

‘ಒಬ್ನೇ. ಮೆಟ್ರಿಕ್ ಓದವ್ನೆ.’

ಮಾವನಿಲ್ಲದ ಮನೆಯನ್ನು ಹುಡುಕುವುದಕ್ಕೆ ಬೇರೆ ದಾರಿ ಇರಲಿಲ್ಲ. ಇದರಲ್ಲಿ ಅಪ್ಪನಿಗೆ ಯಾರ ಮೇಲೂ ಕೆಟ್ಟ ಮನಸ್ಸಿರಲಿಲ್ಲ. ಬೇಗೂರಿನ ಒಂದು ಮನೆಯ ವಿಷಯದಲ್ಲಿ ಮಾತ್ರ ಅವರ ಒಳ್ಳೆಯತನ ಕೊಂಚ ಇಕ್ಕಟ್ಟಿಗೆ ಸಿಕ್ಕಿತು. ಒಳ್ಳೆಯ ಜಮೀನಿದ್ದ ಕುಟುಂಬ, ಹುಡುಗ ಬಿ.ಎ.; ಅವರೇ ಕೇಳಿಕೊಂಡು ಬಂದಿದ್ದರು. ಜಾತಕ ನೋಡಿ ಹಿಂದೆ ಸರಿದರು. ಹುಡುಗನ ತಂದೆ ಬದುಕಿದ್ದರಲ್ಲ. ಮರುವರ್ಷ ಆ ತಂದೆಗೆ ವಿಷಮಜ್ವರ ಬಂತು. ಅಪ್ಪ ಕಿತ್ತಳೆಹಣ್ಣು ಕಟ್ಟಿಸಿಕೊಂಡು ನಾಲ್ಕು ಸಲ ಬೇಗೂರಿಗೆ ಹೋಗಿ ನೋಡಿಕೊಂಡು ಬಂದರು. ಕೊನೆಯ ಸಲ ಬಂದವರು ಬಾಗಿಲಲ್ಲೇ ನಿಂತು, ‘ಗುಣ ಆಯ್ತು. ಗಂಜಿ ಕುಡೀತಾವ್ರೆ’ ಎಂದರು. ಅಷ್ಟು ಸಂತೋಷದ ಸುದ್ದಿಯನ್ನು ಅಷ್ಟು ಸಪ್ಪೆ ಮುಖದಲ್ಲಿ ಯಾರೂ ಹೇಳಿದ್ದನ್ನು ನಾನು ಕಂಡಿಲ್ಲ.

ಗಂಡು ಸಿಗುವ ತನಕ ಓದಲಿ ಎಂದು ಹೈಸ್ಕೂಲಿಗೆ ಕಳಿಸಿದರು. ಸಿಗಲಿಲ್ಲ, ಮೈಸೂರಿನ ಕಾಲೇಜಿಗೆ ಕಳಿಸಿದರು. ಆಗಲೂ ಸಿಗಲಿಲ್ಲ, ಆನರ್ಸ್ ಮುಗಿಸಿದೆ. ನನ್ನ ತಂದೆಗೆ ವಿದ್ಯೆಯ ಮೇಲೆ ಬಹಳ ಗೌರವ ಎಂದು ನಾನು ಹಾಸ್ಟೆಲಿನಲ್ಲಿ ಹೇಳಿಕೊಂಡದ್ದುಂಟು. ಹಾಗೆ ಹೇಳುವಾಗ ನಾನು ಸುಳ್ಳಾಡುತ್ತಿರಲಿಲ್ಲ.

ಭೌತಶಾಸ್ತ್ರವನ್ನು ಯಾಕೆ ಆರಿಸಿಕೊಂಡೆ ಎಂದು ಕೇಳಿದವರಿಗೆ ಬೇರೆ ಏನೋ ಹೇಳುತ್ತಿದ್ದೆ. ಸತ್ಯ ಇಷ್ಟೆ: ಕಾಲೇಜಿನ ಲೈಬ್ರರಿಯಲ್ಲಿ ಮೊದಲ ವಾರವೇ ನಕ್ಷತ್ರಪಟವೊಂದು ಸಿಕ್ಕಿತು. ನನ್ನ ಕೈ ನೇರವಾಗಿ ಚೇಳಿನ ಆಕಾರದ ಆ ರಾಶಿಗೆ ಹೋಯಿತು. ಎದೆಯಲ್ಲಿ ಜ್ಯೇಷ್ಠಾ, ಬಾಲದ ಕೊಂಡಿಯಲ್ಲಿ ಮೂಲಾ. ನಮ್ಮೂರಿನಲ್ಲಿ ಆಷಾಢದ ಸಂಜೆ ನೀಲಗಿರಿಯ ಮೇಲೆ ಇಡೀ ಚೇಳು ಎದ್ದು ನಿಲ್ಲುತ್ತದೆ. ಮೋಡವಿಲ್ಲದಿದ್ದರೆ ಮಹಡಿಯಿಂದ ಕೊಂಡಿಯವರೆಗೂ ಕಾಣುತ್ತದೆ. ಜ್ಯೇಷ್ಠಾ ಕೆಂಪಗೆ ಊದಿಕೊಂಡ ಮುದಿ ನಕ್ಷತ್ರ. ಮೂಲಾ ನೀಲಿ ಬಿಳುಪು, ಬಹಳ ಬಿಸಿ, ಬಹಳ ಭಾರ, ವಯಸ್ಸಿನಲ್ಲಿ ಎಳೆಯದು. ಭಾರವಾಗಿ ಹುಟ್ಟಿದವು ಬೇಗ ಉರಿದು ಮುಗಿಯುತ್ತವೆ ಎಂದು ಪುಸ್ತಕದಲ್ಲಿತ್ತು. ಅದರಲ್ಲಿ ಯಾರ ಮಾವನ ಪ್ರಸ್ತಾಪವೂ ಇರಲಿಲ್ಲ. ಪುಸ್ತಕವನ್ನು ಮತ್ತೆ ಅದರ ಜಾಗದಲ್ಲೇ ಇಟ್ಟೆ. ಮಾರನೆಯ ದಿನ ಮತ್ತೆ ತೆಗೆದೆ.

ನಕ್ಷತ್ರ ಹುಟ್ಟುವ ಬಗೆಯನ್ನು ನಾನು ಅಜ್ಜನ ಹಿತ್ತಲಿಗೆ ಹೋಲಿಸಿಕೊಂಡು ಅರ್ಥಮಾಡಿಕೊಂಡವಳು. ಇದನ್ನು ಪರೀಕ್ಷೆಯಲ್ಲಿ ಬರೆಯಲಿಲ್ಲ. ಆಕಾಶದಲ್ಲಿ ತಣ್ಣನೆಯ ಅನಿಲ, ಧೂಳು ಹರಡಿಕೊಂಡಿರುತ್ತದೆ. ಎಲ್ಲೋ ಒಂದು ಕಡೆ ಸ್ವಲ್ಪ ದಟ್ಟವಾದರೆ ಅದರ ಸೆಳೆತಕ್ಕೆ ಸುತ್ತಲಿನದು ಬಂದು ಸೇರುತ್ತದೆ. ಸೇರಿದಷ್ಟೂ ಭಾರ, ಭಾರವಾದಷ್ಟೂ ಒತ್ತಡ, ಒತ್ತಿದಷ್ಟೂ ಬಿಸಿ. ನಡುವೆ ಕೋಟಿ ಡಿಗ್ರಿ ಮುಟ್ಟಿದಾಗ ಜಲಜನಕದ ಕಣಗಳು ನಾಲ್ಕು ನಾಲ್ಕಾಗಿ ಬೆಸೆದು ಹೀಲಿಯಂ ಆಗುತ್ತವೆ. ಹೊರಗೆ ಸುರಿಯುವ ಬೆಳಕು ಆ ಬೆಸುಗೆಯದು. ಜಲಜನಕ ಮುಗಿದರೆ ನಡುಭಾಗ ಕುಸಿದು ಇನ್ನೂ ಬಿಸಿಯಾಗುತ್ತದೆ. ಆಗ ಮೊದಲ ಉರಿಯ ಬೂದಿಯೇ ಎರಡನೆಯ ಉರಿಗೆ ಸೌದೆ: ಹೀಲಿಯಂ ಹೋಗಿ ಇಂಗಾಲ, ಆಮ್ಲಜನಕ. ಭಾರವಾದ ನಕ್ಷತ್ರಗಳಲ್ಲಿ ಅದರ ಮೇಲೂ ನಡೆಯುತ್ತದೆ. ಮೆಗ್ನೀಸಿಯಂ, ಗಂಧಕ, ಸುಣ್ಣದಲ್ಲಿರುವ ಕ್ಯಾಲ್ಸಿಯಂ, ಕೊನೆಗೆ ಕಬ್ಬಿಣ. ಕಬ್ಬಿಣಕ್ಕೆ ಬಂದಾಗ ಒಲೆ ನಿಲ್ಲುತ್ತದೆ. ಅದನ್ನು ಬೆಸೆದರೆ ಶಾಖ ಬರುವುದಿಲ್ಲ, ಬೆಸೆಯಲು ಶಾಖ ಕೊಡಬೇಕಾಗುತ್ತದೆ. ತನ್ನ ಭಾರವನ್ನು ತಾನೇ ಹೊರಲಾರದೆ ನಕ್ಷತ್ರ ಕುಸಿದು ಸಿಡಿಯುತ್ತದೆ. ಒಳಗೆ ಬೆಂದದ್ದೆಲ್ಲ, ಆ ಸಿಡಿತದಲ್ಲಿ ಹೊಸದಾಗಿ ಆದದ್ದೂ, ಆಕಾಶಕ್ಕೆ ಚೆಲ್ಲಿ ಮತ್ತೆ ಧೂಳಾಗುತ್ತದೆ. ಆ ಧೂಳಿನಿಂದ ಮುಂದಿನ ನಕ್ಷತ್ರ, ಅದರ ಸುತ್ತ ಭೂಮಿಯಂಥವು.

ಹೊರದೇಶದ ವಿಜ್ಞಾನಿಗಳು ಈಚೆಗೆ ಹೀಗೆ ಲೆಕ್ಕ ಹಾಕಿದ್ದಾರೆ. ರಜಕ್ಕೆ ಊರಿಗೆ ಬಂದಾಗ ಅವ್ವನಿಗೆ ಹೇಳಿದೆ. ಅವಳು ಹುರುಳಿ ಹುರಿಯುತ್ತಿದ್ದಳು.

‘ಅವ್ವ, ಈ ಬಾಣಲೆಯ ಕಬ್ಬಿಣ ಒಂದು ಕಾಲದಲ್ಲಿ ನಕ್ಷತ್ರದ ಒಳಗಿತ್ತು.’

‘ಇಲ್ಲ ಕಣಮ್ಮಿ. ತೆರಕಣಾಂಬಿ ಸಂತೇಲಿ ತಂದಿದ್ದು.’

‘ನಿನ್ನ ಮೈಯ ರಕ್ತದಲ್ಲೂ ಕಬ್ಬಿಣ ಇದೆ. ಅದೂ ಅಲ್ಲಿಂದಲೇ ಬಂದದ್ದು.’

ಅವ್ವ ಮರದ ಹುಟ್ಟು ಆಡಿಸುವುದನ್ನು ನಿಲ್ಲಿಸಿದಳು. ‘ಹಂಗಾರೆ ಎಲ್ರೂ ನಕ್ಷತ್ರದಿಂದ್ಲೇ ಬಂದೋರು?’

‘ಎಲ್ಲರೂ.’

‘ನಿಮ್ಮತ್ತೆನೂವೆ?’

‘ಅತ್ತೆಯೂ.’

‘ಹಂಗಾರೆ ಅವ್ಳು ನಿನ್ನೊಬ್ಳನ್ನೇ ಯಾಕೆ ಆಡ್ಕತಾಳೆ?’ ಎಂದಳು. ಹುರುಳಿ ಸೀದಿತ್ತು. ಅದಕ್ಕೂ ನಕ್ಷತ್ರವನ್ನೇ ಬೈದಳು.

ಇಷ್ಟೆಲ್ಲ ಅಡುಗೆ ಆಕಾಶದಲ್ಲಿ ನಡೆಯುತ್ತದೆ ಎಂಬುದಕ್ಕೆ ಏನು ಸಾಕ್ಷಿ ಎಂದು ನೀವು ಕೇಳಬಹುದು. ನನಗೆ ಬಹಳ ಹಿಡಿಸಿದ ಸಾಕ್ಷಿ ಒಂದಿದೆ. ಪ್ರತಿಯೊಂದು ಧಾತುವೂ ನಕ್ಷತ್ರದ ಬೆಳಕಿನಲ್ಲಿ ತನ್ನದೇ ಗೆರೆಗಳನ್ನು ಬಿಡುತ್ತದೆ. ಗೆರೆಗಳ ಜಾಗ ಅಳೆದರೆ ಅಲ್ಲಿ ಯಾವ ಧಾತು ಇದೆ ಎಂದು ಹೇಳಬಹುದು. ಕೆಲವು ಮುದಿ ಕೆಂಪು ನಕ್ಷತ್ರಗಳಲ್ಲಿ ಟೆಕ್ನೀಷಿಯಂ ಎಂಬ ಧಾತುವಿನ ಗೆರೆಗಳು ಸಿಕ್ಕಿವೆ. ಅದು ತಾನಾಗಿ ಕರಗಿಹೋಗುವಂಥದು. ನಕ್ಷತ್ರದ ಆಯುಸ್ಸಿನ ಮುಂದೆ ಅದರ ಆಯುಸ್ಸು ಒಂದು ಕ್ಷಣ. ಅಂದಮೇಲೆ ಅದು ಹುಟ್ಟುವಾಗ ತಂದದ್ದಲ್ಲ. ಅಲ್ಲೇ, ಈಚೆಗೆ, ಆ ನಕ್ಷತ್ರವೇ ಮಾಡಿಕೊಂಡದ್ದು. ಇದನ್ನು ಓದಿದ ದಿನ ನಾನು ಹಾಸ್ಟೆಲಿನ ಊಟಕ್ಕೆ ಹೋಗುವುದನ್ನು ಮರೆತೆ.

ಮೇಷ್ಟರೊಬ್ಬರು ಇದನ್ನೆಲ್ಲ ಗಮನಿಸಿದ್ದರೋ ಏನೋ. ಆನರ್ಸ್ ಮುಗಿದ ಮೇಲೆ ಬೆಟ್ಟದ ಮೇಲಿನ ವೇಧಶಾಲೆಯೊಂದಕ್ಕೆ ನನ್ನ ಹೆಸರು ಬರೆದಿದ್ದರು. ಅಲ್ಲಿಂದ ಕಾಗದ ಬಂತು. ಗಾಜಿನ ಫಲಕಗಳ ಮೇಲೆ ಹಿಡಿದ ನಕ್ಷತ್ರಗಳ ಬೆಳಕಿನ ಗೆರೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಅಳೆದು ಬರೆದಿಡುವ ಸಹಾಯಕಿ ಬೇಕು. ಬರುವ ತಿಂಗಳು ಹದಿನೈದನೆಯ ತಾರೀಕಿನೊಳಗೆ ಬಂದು ಸೇರಬೇಕು. ಹೆಂಗಸರಿಗೆ ಇಳಿದುಕೊಳ್ಳಲು ಕೊಠಡಿ ಇದೆ. ನನಗೆ ಜೀವನದಲ್ಲಿ ಬೇಕಾದದ್ದು ಆ ಒಂದು ಹಾಳೆಯ ಮುಕ್ಕಾಲು ಭಾಗದಲ್ಲಿ ಮುಗಿದಿತ್ತು. ಅಪ್ಪ ಅದನ್ನು ಮೂರು ಸಲ ಕನ್ನಡದಲ್ಲಿ ಹೇಳಿಸಿಕೊಂಡರು.

‘ಹೋಗ್ಬಾ ಮಗ. ಇಲ್ಲಿ ಕೂತ್ಕಂಡು ಮಾಡದಾದ್ರೂ ಏನು?’

ನಾನು ಮೊದಲನೆಯ ಮಾತನ್ನು ಮಾತ್ರ ಕೇಳಿಸಿಕೊಂಡೆ.

ಹೊರಡುವ ಮುಂಚೆ ಅಜ್ಜಿಗೆ ಹೇಳಿಬರಲು ಚಾಮರಾಜನಗರಕ್ಕೆ ಹೋದೆ. ಅಜ್ಜ ತೀರಿಕೊಂಡು ವರ್ಷಗಳಾಗಿದ್ದವು. ಅಜ್ಜಿ ಉಡಿಗಾಲವೆಂಬ ಹಳ್ಳಿಯ ಹೆಣ್ಣು. ಎಂಬತ್ತರ ಹತ್ತಿರ, ಕಣ್ಣು ಮಂಜು, ಮಾತು ಮಾತ್ರ ಹರಿತ. ಬೆಟ್ಟದಲ್ಲಿ ಚಳಿ ಎಂದು ಅಜ್ಜನ ಉಣ್ಣೆಯ ಶಾಲು ಕೊಡಲು ಟ್ರಂಕು ತೆಗೆಸಿದಳು. ಶಾಲಿನ ಕೆಳಗೆ ಪಂಚಾಂಗ ಸಿಕ್ಕಿತು. ಸಾಲನ್ನು ಓದಿ ಹೇಳಿದೆ. ಅಜ್ಜಿ ನಕ್ಕಳು.

‘ಆ ಹಾಳು ರೈಲು! ಅವತ್ತು ಅದು ಬರ್ನೇ ಇಲ್ಲ ಅಂತ ನಿಮ್ಮಜ್ಜ ಬಾಗ್ಲಿಗೂ ಬೀದಿಗೂ ಓಡಾಡಿದ್ದೇ ಓಡಾಡಿದ್ದು. ಕವಲಂದೆತಾವ ಎಮ್ಮೆ ಅಡ್ಡ ಬಂದು ನಿಂತೋಗಿತ್ತಂತೆ.’

‘ಎಷ್ಟು ಹೊತ್ತು ತಡವಾಗಿತ್ತು ಅಜ್ಜಿ?’

‘ನಂಗೇನು ಗೊತ್ತು ಗಂಟೆ ಗಿಂಟೆ? ಬೀದಿ ದೀಪ ಹಚ್ಚೋನು ಬಂದೋಗಿದ್ದ. ನಿಮ್ಮಜ್ಜನ ಪೂಜೆ ಆಗಿ, ಊಟಾನೂ ಆಗಿತ್ತು. ಆಮ್ಯಾಕೆ ರೈಲು ಕೂಗ್ತು. ಅದು ಕೂಗಿದ್ದೇ ಸೈ, ನಿಮ್ಮವ್ವಂಗೆ ನೋವು ಜೋರಾಗಿ ನೀ ಬಂದ್ಬುಟ್ಟೆ.’

ನಾನು ಪಂಚಾಂಗವನ್ನು ಕಿಟಕಿಯ ಹತ್ತಿರ ಹಿಡಿದೆ. ಆ ದಿನದ ಮೂಲಾ ನಕ್ಷತ್ರ ಮೂವತ್ತೊಂದು ಘಳಿಗೆಗೆ ಮುಗಿಯುತ್ತದೆ ಎಂದು ಅಚ್ಚಾಗಿತ್ತು. ಘಳಿಗೆಗೆ ಇಪ್ಪತ್ತನಾಲ್ಕು ನಿಮಿಷ; ಸೂರ್ಯೋದಯ ಆರು ಹತ್ತಕ್ಕೆ. ಅಂದರೆ ಸಂಜೆ ಆರು ಮೂವತ್ತನಾಲ್ಕಕ್ಕೆ ಚಂದ್ರ ಮೂಲಾ ಬಿಟ್ಟು ಪೂರ್ವಾಷಾಢಕ್ಕೆ ಹೋಗಿದ್ದಾನೆ. ಆರು ಇಪ್ಪತ್ತಕ್ಕೆ ಇನ್ನೂ ಬಿಸಿಲು. ಬೀದಿ ದೀಪ ಹಚ್ಚುವ ಮಾತೇ ಇಲ್ಲ. ಐನೋರು ಜಾತಕ ಬರೆದದ್ದು ಬಂದ ರೈಲಿಗಲ್ಲ, ಹಲಗೆಯ ಮೇಲಿನ ರೈಲಿಗೆ.

‘ಅಜ್ಜಿ, ಇದನ್ನು ಇಷ್ಟು ವರ್ಷ ಯಾಕೆ ಹೇಳಲಿಲ್ಲ?’

‘ನನ್ನ ಯಾರು ಕೇಳಿದ್ರು?’ ಎಂದಳು. ‘ಐನೋರು ರೈಲು ನೋಡಿ ಬರೀತಾರೆ ಅಂತ ನಂಗೇನು ಗೊತ್ತು? ಆಕಾಶ ನೋಡಿ ಬರೀತಾರೆ ಅನ್ಕಂಡಿದ್ದೆ.’

ನೀವೇ ಹೇಳಿ, ನಾನು ಅಲ್ಲಿಗೆ ಪಂಚಾಂಗ ಮುಚ್ಚಿ, ಶಾಲು ಹೊದ್ದು ಬಸ್ಸು ಹತ್ತಬೇಕಾಗಿತ್ತು. ಮೂಲಾ ಆದರೇನು, ಪೂರ್ವಾಷಾಢವಾದರೇನು? ಯಾವುದನ್ನೂ ನಂಬದವಳು ನಾನು. ಆದರೆ ತಪ್ಪು ಲೆಕ್ಕವೊಂದು ಎದುರಿಗಿದ್ದರೆ ಅದನ್ನು ಹಾಗೇ ಬಿಟ್ಟು ಏಳಲು ನನಗೆ ಆಗುವುದಿಲ್ಲ. ಅಂಗಡಿಯ ಬೋರ್ಡಿನಲ್ಲಿ ಅಕ್ಷರದ ಕೊಂಬು ತಪ್ಪಿದ್ದರೂ ಆ ಬೀದಿಯಲ್ಲಿ ನನಗೆ ತಲೆನೋವು. ಪೆನ್ಸಿಲು ತೆಗೆದುಕೊಂಡು ಎರಡು ಸಲ ಲೆಕ್ಕ ಮಾಡಿದೆ. ಎರಡು ಸಲವೂ ಸರಿಬಂತು. ತೆರಕಣಾಂಬಿಯ ದಾರಿಯಲ್ಲಿ ಬಸ್ಸಿನ ಕಿಟಕಿಗೆ ತಲೆಯಾನಿಸಿ ಒಬ್ಬಳೇ ನಗುತ್ತ ಬಂದೆ. ಇಷ್ಟು ವರ್ಷ ನನ್ನಿಂದ ಎಲೆ ಎತ್ತಿಕೊಂಡು ಓಡಿದವರೆಲ್ಲ ಒಂದು ಎಮ್ಮೆಗೆ ಹೆದರಿ ಓಡಿದ್ದರು.

ಮನೆಗೆ ಬಂದವಳೇ ಅಪ್ಪನಿಗೆ ಹೇಳಿದೆ. ತಮಾಷೆಯ ಹಾಗೆ ಹೇಳಿದೆ. ಸಾಮಾನ್ಯವಾಗಿ ನಾನು ತಮಾಷೆ ಮಾಡುವವಳಲ್ಲ. ಆ ದಿನ ಮಾಡಿದೆ. ಅಪ್ಪ ನಗಲಿಲ್ಲ.

‘ಇನ್ನೊಂದ್ಸಲ ಹೇಳು.’

ಹೇಳಿದೆ.

‘ಬರ್ದು ತೋರ್ಸು.’

ಬರೆದು ತೋರಿಸಿದೆ. ಘಳಿಗೆ, ವಿಘಳಿಗೆ, ಸೂರ್ಯೋದಯ, ದೀಪ ಹಚ್ಚುವ ಹೊತ್ತು. ಎಲ್ಲಿ ಅನುಮಾನ ಬರಬಹುದೋ ಅಲ್ಲೆಲ್ಲ ನಾನೇ ಮುಂದಾಗಿ ಅನುಮಾನ ಎತ್ತಿ ಅದಕ್ಕೆ ಪರಿಹಾರವನ್ನೂ ಹೇಳಿದೆ. ಅಪ್ಪ ಆ ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡರು. ಮಧ್ಯಾಹ್ನದ ಬಿಸಿಲಿನಲ್ಲಿ ಕೋಟು ಹಾಕಿಕೊಂಡು ಐನೋರ ಮನೆಗೆ ಹೋದರು. ಯಾರೂ ಸಾಯದ ದಿನ ಅವರು ಕೋಟು ಹಾಕಿದ್ದನ್ನು ಬಹಳ ವರ್ಷದ ಮೇಲೆ ನೋಡಿದೆ.

ಹಿಂದಿರುಗಿದಾಗ ಐನೋರೂ ಜೊತೆಯಲ್ಲಿದ್ದರು. ವಯಸ್ಸಾದವರು, ಮರ್ಯಾದಸ್ಥರು. ಅಂಗಳದಲ್ಲೇ ನಿಂತು ನನಗೆ ಹೇಳಿದರು: ‘ನನ್ನ ಗಣಿತ ತಪ್ಪಲ್ಲ ಕಣವ್ವ. ರೈಲು ತಪ್ಪು.’

‘ಹೌದು’ ಎಂದೆ. ಅವರಿಗೆ ಸಮಾಧಾನವಾಯಿತು.

ಅಪ್ಪ ಜಗಲಿಯ ಮೇಲೆ ಕೂತು ಮುಖ ಒರೆಸಿಕೊಂಡರು. ಬೆವರಿನ ಜೊತೆಗೆ ಕಣ್ಣೂ ಒದ್ದೆಯಾಗಿತ್ತು. ‘ಇಪ್ಪತ್ತೆರಡು ವರ್ಷ’ ಎಂದು ಅವ್ವನ ಕಡೆ ನೋಡಿದರು. ‘ಕೂಸಿಗೆ ಏನೂ ದೋಷ ಇರ್ನಿಲ್ಲ ಕಣೇ.’ ಅವ್ವ ಬಾಗಿಲ ತೋಳಿಗೆ ಒರಗಿ ಅತ್ತಳು. ನನಗೆ ಅವರನ್ನು ನೋಡಿ ಅಳು ಬಂದಂತಾಯಿತು. ಅದು ಸಂತೋಷವೇ ಎಂದು ಆಗ ತಿಳಿದುಕೊಂಡಿದ್ದೆ.

‘ನಾಳೇನೇ ಬೇಗೂರಿಗೆ ಹೇಳಿ ಕಳಿಸ್ತೀನಿ’ ಎಂದರು ಅಪ್ಪ. ‘ಹುಡುಗಂಗೆ ಇನ್ನೂ ಆಗಿಲ್ವಂತೆ.’

‘ಅಪ್ಪ, ಹದಿನೈದನೆಯ ತಾರೀಕು ನಾನು ಕೆಲಸಕ್ಕೆ ಸೇರಬೇಕು.’

‘ಯಾವ ಕೆಲ್ಸ?’

ಅವರು ಚುಚ್ಚಿ ಕೇಳಲಿಲ್ಲ. ನಿಜವಾಗಿಯೂ ಅವರಿಗೆ ಒಂದು ಗಳಿಗೆ ನೆನಪಾಗಲಿಲ್ಲ. ಆಮೇಲೆ ನೆನಪಾಗಿ, ಮಕ್ಕಳಿಗೆ ಹೇಳುವ ದನಿಯಲ್ಲಿ ಹೇಳಿದರು: ‘ಅದಾ? ಅದಿನ್ಯಾಕೆ ಮಗ? ಮದ್ವೆ ಆಗ್ದೆ ಮನೇಲಿ ಕೂತಿದ್ರೆ ಜನದ ಬಾಯಿಗೆ ಬೀಳ್ತೀಯ ಅಂತ ಓದ್ಸಿದ್ದು, ಕೆಲ್ಸಕ್ಕೆ ಹೋಗು ಅಂದಿದ್ದು. ಈಗ ದೇವ್ರು ಕಣ್ಬುಟ್ಟ.’

ಅವರ ಮಾತಿನಲ್ಲಿ ಒಂದು ಕಠಿಣ ಪದವಿರಲಿಲ್ಲ. ಇಪ್ಪತ್ತೆರಡು ವರ್ಷ ಎಲ್ಲರೂ ದೋಷ ಎಂದುಕೊಂಡದ್ದೇ ನನ್ನ ವಿದ್ಯಾರ್ಥಿವೇತನವಾಗಿತ್ತು. ಹೈಸ್ಕೂಲು, ಹಾಸ್ಟೆಲು, ನಕ್ಷತ್ರಪಟ, ಆ ಮುಕ್ಕಾಲು ಹಾಳೆಯ ಕಾಗದ, ಎಲ್ಲವನ್ನೂ ಕೊಟ್ಟದ್ದು ಮೂಲಾ ನಕ್ಷತ್ರ. ಅಪ್ಪ ಬಾಗಿಲು ತೆಗೆದಿಟ್ಟಿರಲಿಲ್ಲ. ಹಾಕಲು ಇನ್ನೂ ಯಾರೂ ಬಂದಿರಲಿಲ್ಲ, ಅಷ್ಟೆ. ನಾನೇ ಎರಡು ಸಲ ಲೆಕ್ಕ ಮಾಡಿ, ಬರೆದು ತೋರಿಸಿ, ಹಾಕಿಸಿದೆ.

ಆಗ ಒಂದು ಕೆಲಸ ಮಾಡಿದೆ. ಹೇಳಲು ಈಗಲೂ ಸಂಕೋಚ. ‘ಅಜ್ಜಿಗೆ ವಯಸ್ಸಾಗಿದೆ ಅಪ್ಪ. ಬೇರೆ ಯಾವತ್ತಿನದೋ ರೈಲು ನೆನಪಿರಬಹುದು. ಇದನ್ನು ನಂಬಿ ಬೇರೆಯವರ ಮನೆಯ ಹಿರಿಯರನ್ನು ಅಪಾಯಕ್ಕೆ ಒಡ್ಡುವುದು ಸರಿಯಲ್ಲ’ ಎಂದೆ. ಬೆಳಕಿನ ಗೆರೆಗಳನ್ನು ಅಳೆಯಲು ಹೊರಟಿದ್ದವಳು, ಹೆಣ್ಣಿನ ನಕ್ಷತ್ರಕ್ಕೆ ಮಾವ ಸಾಯುತ್ತಾನೆ ಎಂದು ವಾದಿಸಿದೆ. ಸೋದರತ್ತೆಯೂ ಅಷ್ಟು ಚೆನ್ನಾಗಿ ವಾದಿಸುತ್ತಿರಲಿಲ್ಲ.

ಅಪ್ಪ ಮುಗುಳ್ನಕ್ಕು ಜೇಬು ಮುಟ್ಟಿಕೊಂಡರು. ‘ಅಜ್ಜಿ ಮಾತಲ್ಲ ಮಗ ಇದು, ನಿನ್ನ ಲೆಕ್ಕ. ನಿನ್ನ ಲೆಕ್ಕ ಯಾವತ್ತು ತಪ್ಪಿತ್ತು ಹೇಳು?’

ಒಂದು ಸಲವಾದರೂ ತಪ್ಪು ಮಾಡಿಟ್ಟುಕೊಂಡಿರಬೇಕಾಗಿತ್ತು.

‘ಆರು ತಿಂಗಳು ಹೋಗಿ ಬರುತ್ತೇನೆ’ ಎಂದೆ. ‘ಮೂರು ತಿಂಗಳು’ ಎಂದೆ. ಅವ್ವ ಒಳಗಿನಿಂದ, ‘ಸುಮ್ಕಿರಮ್ಮಿ, ಒಳ್ಳೆ ಗಳಿಗೇಲಿ ಅಡ್ಡ ಮಾತಾಡ್ಬ್ಯಾಡ’ ಎಂದಳು. ಅವಳಿಗೆ ಅಂದು ಪಾಯಸ ಮಾಡುವ ಅವಸರ.

ಈಗ ವ್ಯಾಕರಣ ತಿದ್ದಿ ಮುಗಿಸಿದ ವಾಕ್ಯದ ಹಾಗೆ ಎಲ್ಲವೂ ತನ್ನ ತನ್ನ ಜಾಗದಲ್ಲಿದೆ. ನಾನು ಇದನ್ನು ಬರೆಯುತ್ತಿರುವುದು ಬೇಗೂರಿನ ಮನೆಯ ನಡುಮನೆಯಲ್ಲಿ ಕೂತು. ನನ್ನ ಯಜಮಾನರು ಒಳ್ಳೆಯವರು. ಏನು ಬರೆಯುತ್ತಿದ್ದೀ ಎಂದು ಕೇಳುವುದಿಲ್ಲ. ಮಾವನವರು ಗಟ್ಟಿಮುಟ್ಟಾಗಿದ್ದಾರೆ, ಬೆಳಗಾಗೆದ್ದು ಎರಡು ಮೈಲಿ ನಡೆಯುತ್ತಾರೆ. ಅವರಿಗೆ ನಮ್ಮಪ್ಪನನ್ನು ಕಂಡರೆ ತುಂಬ ಗೌರವ. ಮೊನ್ನೆಯೂ ಕಾಫಿ ಕುಡಿಯುತ್ತ ಹೇಳಿದರು: ‘ನಾನು ಜ್ವರ ಬಂದು ಮಲ್ಗಿದ್ನಲ್ಲವ್ವ, ಸ್ವಂತ ತಮ್ಮನೇ ಒಂದ್ಸಲ ಬಂದ್ನೋ ಎಲ್ಡು ಸಲ ಬಂದ್ನೋ. ನಿಮ್ಮಪ್ಪ ನಾಕ್ಸಲ ಬಂದ್ರು, ಕಿತ್ಲೆಹಣ್ಣು ಇಡ್ಕಂಡು. ಏಟು ಪ್ರೀತಿ!’

‘ಹೌದು ಮಾವ, ಅಪ್ಪನಿಗೆ ನಿಮ್ಮದೇ ಯೋಚನೆಯಾಗಿತ್ತು’ ಎಂದೆ.

ಈ ಮನೆಯಲ್ಲಿ ಯಾರೂ ನನಗೆ ಒಂದು ಮಾತು ಅಂದಿಲ್ಲ. ಓದಿದ ಸೊಸೆ ಎಂದು ಹೆಮ್ಮೆಯೂ ಇದೆ. ನೆಂಟರು ಬಂದಾಗ ಇಂಗ್ಲಿಷ್ ಪತ್ರಿಕೆಯನ್ನು ಓದಿ ಹೇಳಿಸುತ್ತಾರೆ. ನಾನು ಅಳೆಯಬೇಕಾಗಿದ್ದ ಫಲಕಗಳನ್ನು ಈಗ ಯಾರೋ ಅಳೆಯುತ್ತಿರುತ್ತಾರೆ. ಆ ಗೆರೆಗಳೇನೂ ನನಗಾಗಿ ಕಾದಿಲ್ಲ. ನಕ್ಷತ್ರಗಳಿಂದ ಅವು ಹೊರಟು ಎಷ್ಟೋ ಕಾಲವಾಗಿತ್ತು.

ಆ ಸಂಜೆಯ ಮಾತಿಗೆ ಮರಳುತ್ತೇನೆ. ಐನೋರು ನಮ್ಮ ಜಗಲಿಯಲ್ಲೇ ಕೂತು ಹೊಸ ಜಾತಕ ಬರೆದರು. ಪೂರ್ವಾಷಾಢ ನಕ್ಷತ್ರ, ಎಲ್ಲ ಮನೆಗೂ ಒಳ್ಳೆಯದು. ಹುಟ್ಟಿದ ಹೊತ್ತು ಎಂಬಲ್ಲಿ ಬಂದಾಗ ಲೇಖನಿ ನಿಲ್ಲಿಸಿದರು. ರೈಲು ಎಷ್ಟು ತಡವಾಯಿತು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಊಟದ ಮೇಲೆ ಎಂಬುದನ್ನು ಜಾತಕದಲ್ಲಿ ಬರೆಯುವ ಹಾಗಿಲ್ಲ. ‘ಅದನ್ನ ನೀನೇ ಲೆಕ್ಕ ಮಾಡಿ ತುಂಬ್ಸಿಬುಡವ್ವ, ನಾಳೆ ಶುದ್ಧಪ್ರತಿ ಮಾಡ್ತಾ’ ಎಂದು ಜಾಗ ಖಾಲಿ ಬಿಟ್ಟು ಎದ್ದರು. ನನ್ನ ಅಕ್ಷರ ದುಂಡಗೆ ಎಂದು ಅಪ್ಪನಿಗೂ ಅದೇ ಸರಿ ಎನಿಸಿತು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ ಮೊದಲು ವೇಧಶಾಲೆಗೆ ಬರೆದೆ. ಎರಡು ವಾಕ್ಯ. ಮನೆಯ ಪರಿಸ್ಥಿತಿಯಿಂದಾಗಿ ಬರಲಾಗುತ್ತಿಲ್ಲ. ಜಾಗವನ್ನು ಬೇರೆಯವರಿಗೆ ಕೊಡಬೇಕು. ಅಂಟಿಸಿ ಪಕ್ಕಕ್ಕಿಟ್ಟೆ. ಆಮೇಲೆ ಜಾತಕದ ಶುದ್ಧಪ್ರತಿಗೆ ಕೂತೆ. ಖಾಲಿ ಜಾಗ ಬಂತು. ಆರು ಇಪ್ಪತ್ತು ಎಂದು ಬರೆಯಬಹುದಾಗಿತ್ತು. ಅಪ್ಪ ಹರಿದು ಮತ್ತೆ ಬರೆಸುತ್ತಿದ್ದರು. ಅಜ್ಜಿಯ ಮಾತಿನಿಂದ ತಿಳಿಯುವುದು ಏಳೂವರೆ ಎಂಟರ ನಡುವೆ ಎಂದು ಮಾತ್ರ. ಅದಕ್ಕಿಂತ ಹೆಚ್ಚು ಯಾವ ಲೆಕ್ಕದಿಂದಲೂ ತಿಳಿಯುವಂತಿರಲಿಲ್ಲ. ಏಳು ನಲವತ್ತು ಎಂದು ಬರೆದರೆ ಅಂದಾಜು ಎಂದು ಯಾರಿಗಾದರೂ ಗೊತ್ತಾಗುತ್ತದೆ. ಏಳು ಗಂಟೆ ನಲವತ್ತೆರಡು ನಿಮಿಷ ಎಂದು ಬರೆದು, ಶಾಯಿ ಒಣಗುವ ತನಕ ಕಾದು, ಅಪ್ಪನ ಕೈಗೆ ಕೊಟ್ಟೆ.